ಲೊಬೊಲಾಕ್ಕೆ ನಗುವ ಮೊದಲು

ಮೆನ್ಲೋ ಪಾರ್ಕಿನಲ್ಲಿ ನಮ್ಮವರು ಊಟಕ್ಕೆ ಕೂತಾಗ ದಕ್ಷಿಣ ಆಫ್ರಿಕಾದ ಲೊಬೊಲಾ ಮಾತು ಬಂದರೆ ಸಾಕು, "ಅಯ್ಯೋ, ಹಸು ಕೊಟ್ಟು ಹೆಣ್ಣು ಕೊಳ್ತಾರಂತೆ!" ಸ್ವಾಮಿ, ನಮ್ಮಲ್ಲೂ ಇತ್ತು. ಹೆಸರು ತೆರ. ಹಳೇ ಮೈಸೂರಿನ ಎಷ್ಟೋ ಬ್ರಾಹ್ಮಣೇತರ ಜಾತಿಗಳಲ್ಲಿ ಗಂಡಿನವರೇ ಹೆಣ್ಣಿನ ಮನೆಗೆ ಹಣ ಕೊಡಬೇಕಿತ್ತು. ಎಂ. ಎನ್. ಶ್ರೀನಿವಾಸರು ಮೈಸೂರಿನ ಮದುವೆಗಳ ಬಗ್ಗೆ 1942ರಲ್ಲೇ ಪುಸ್ತಕ ಬರೆದಿದ್ದಾರೆ, ಓದಿ. ಹೊಲದಲ್ಲಿ ದುಡಿಯೋ ಕೈ ಇನ್ನೊಂದು ಮನೆಗೆ ಹೋಗುತ್ತೆ, ಆ ನಷ್ಟ ತುಂಬಿಕೊಡಿ ಅನ್ನೋ ಲೆಕ್ಕ ಅದು. ತೆರವೇನೂ ಘನವಾದದ್ದಲ್ಲ ಬಿಡಿ. ದುಡ್ಡು ಎಣಿಸಿಕೊಳ್ತಿದ್ದವನು ಅಪ್ಪ, ಮಗಳಲ್ಲ.

ಆದರೆ ಹುಡುಗರು ಓದಿ ನೌಕರಿ ಹಿಡಿದ ಮೇಲೆ ಲೆಕ್ಕ ತಿರುಗುಮುರುಗಾಯ್ತು. ಕೊಡೋದು ಹೋಗಿ ಕೇಳೋದು ಶುರು: ವರದಕ್ಷಿಣೆ. 1961ರಲ್ಲೇ ಕಾನೂನು ಬಂತು, "ಅಮೆರಿಕದ ಹುಡುಗ"ನ ರೇಟು ಮಾತ್ರ ಇಳೀಲಿಲ್ಲ. ದುಡಿಯೋ ಹೆಣ್ಣನ್ನೇ ಹೊರೆ ಅಂತ ಕರೆದು, ಹೊರೋಕೆ ಕೂಲಿ ಕೇಳೋರು ನಾವು! ಲೊಬೊಲಾಕ್ಕೆ ನಗುವವರು ಮೊದಲು ತಮ್ಮ ಮದುವೇಲಿ ಬಂದ ಕಾರು ಯಾರ ದುಡ್ಡಿನದು ಅಂತ ಹೇಳಲಿ.