ಹೊಲದ ಹಕ್ಕಿ ಫೋಟೋ ತೆಗೀರಿ, ಗೂಡಿನ ಲೊಕೇಶನ್ ಹಾಕಬ್ಯಾಡ್ರಿ

ಎರಡು ವರ್ಷದ ಹಿಂದಿನ ಮಾತು. ಮೇ ತಿಂಗಳ ಕೊನೆ, ದುಬಲಗುಂಡಿಯ ನಮ್ಮ ಹೊಲದಾಗ ಕುಂಟಿ ಹೊಡೆಸ್ತಿದ್ದೆ. ಟಿಟ್ಟಿಭ ಹಕ್ಕಿ ಜೋಡಿಯೊಂದು ತಲೆ ಮ್ಯಾಲೆ ಹಾರಾಡುತ್ತ ಒಂದೇ ಸಮ ಕೂಗತೊಡಗಿತು. (ಮರಾಠಿಯವರು ಟಿಟವಿ ಅಂತಾರಲ್ಲ, ಅದೇ.) ಇಳಿದು ನೋಡಿದರೆ ಬರೀ ನೆಲದ ಮೇಲೆ, ಹೆಂಟೆಗಳ ನಡುವೆ ನಾಲ್ಕು ಮೊಟ್ಟೆ. ಅಷ್ಟು ಜಾಗ ಬಿಟ್ಟು ಕುಂಟಿ ಹೊಡೆಸಿದೆ. ಅಲ್ಲಿಗೇ ಸುಮ್ಮನಾಗಬೇಕಿತ್ತು. ಹತ್ತಿರ ಹೋಗಿ ವಿಡಿಯೋ ಮಾಡಿ, ಲೊಕೇಶನ್ ಸಮೇತ ಸ್ಟೇಟಸ್ ಹಾಕಿದೆ.

ಮರುದಿನ ಬೈಕ್ ಮ್ಯಾಲೆ ಹುಡುಗರು ಬಂದರು. ಅದರ ಮರುದಿನ ಇನ್ನೊಂದಿಷ್ಟು ಮಂದಿ. ಬೇಸಿಗೆಯಲ್ಲಿ ಟಿಟ್ಟಿಭ ಮೊಟ್ಟೆ ಮೇಲೆ ಕೂಡೋದು ಕಾವು ಕೊಡೋದಕ್ಕಷ್ಟೇ ಅಲ್ಲ, ನೆರಳು ಮಾಡೋದಕ್ಕೂ ಹೌದು. ಹೊಟ್ಟೆಯ ಪುಕ್ಕ ನೀರಿನಾಗ ತೋಯಿಸ್ಕೊಂಡು ಬಂದು ಮೊಟ್ಟೆ ತಂಪು ಮಾಡ್ತದ. ಜನ ಸುತ್ತ ನಿಂತರೆ ಅದು ಕೂಡೋದೆಲ್ಲಿ? ನಾಲ್ಕನೇ ದಿನ ಹೋದಾಗ ಮೊಟ್ಟೆ ಇರಲಿಲ್ಲ. ಕಾಗೆ ಒಯ್ದಿತೋ, ಮುಂಗುಸಿ ತಿಂದಿತೋ. ದಾರಿ ತೋರಿಸಿದವನು ಮಾತ್ರ ನಾನೇ.

ಆಮೇಲೆ ಓದಿದಾಗ ಗೊತ್ತಾಯ್ತು: 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ‘ಬೇಟೆ’ ಅನ್ನೋ ಮಾತಿನೊಳಗೆ ಕಾಡುಹಕ್ಕಿಯ ಗೂಡು, ಮೊಟ್ಟೆಗೆ ತೊಂದರೆ ಕೊಡೋದೂ ಸೇರ್ತದ.

ಹಾಗಂತ ಫೋನ್ ಜೇಬಿನಾಗ ಇಟ್ಟುಬಿಡ್ರಿ ಅಂತ ನಾ ಹೇಳಲ್ಲ. ನಮ್ಮ ಕಡೆ ಹೊಲದಾಗ ಇನ್ನೂ ಹೆಚ್ಚು ಫೋಟೋ ತೆಗೀಬೇಕು ಅನ್ನೋದೇ ನನ್ನ ವಾದ. ಬೇರೆ ಥರದ ಫೋಟೋ. ತೋಟಗಾರಿಕೆ ಓದುವಾಗ ಕೀಟಗಳ ಬಗ್ಗೆ ಪುಟಗಟ್ಟಲೆ ಬರೆದೆವು, ಹಕ್ಕಿಗೆ ಸಿಕ್ಕಿದ್ದು ಒಂದೇ ಸಾಲು: ತೊಗರಿಯಲ್ಲಿ ಕಾಯಿಕೊರಕಕ್ಕೆ ಎಕರೆಗೆ 20 ಹಕ್ಕಿ ಕೂಡೋ ಕಟ್ಟಿಗೆ ನೆಡಿ. ನೆಟ್ಟ ಮೇಲೆ ಯಾವ ಹಕ್ಕಿ ಬಂತು, ಏನು ತಿಂತು ಅಂತ ಯಾರೂ ನೋಡಲಿಲ್ಲ. ನಾನು ಈಗ ತೊಗರಿ ಹೂವಾದಾಗಿಂದ ವಾರಕ್ಕೆರಡು ಸಲ, ಬೆಳಿಗ್ಗೆ ಬಿಸಿಲೇರೋ ಮುಂಚೆ ಬದುವಿನ ಮ್ಯಾಲೆ ಕೂತು ಬರ್ಸ್ಟ್ ಮೋಡ್‌ನಾಗ ತೆಗೀತೀನಿ. ಹತ್ತರಾಗ ಒಂಬತ್ತು ಮಸುಕು. ಒಂದರಾಗ ಕಾಜಾಣದ ಕೊಕ್ಕಿನಾಗ ಹಸಿರು ಹುಳ ಕಾಣ್ತದ. ಅಂಥ ಫೋಟೋ ನಾಲ್ಕಾರು ಸಿಕ್ಕವು ಅಂದ್ರ, ಗಿಡ ಬಡಿದು ಹುಳ ಎಣಿಸಿ, ಆಮೇಲೆ ಸಿಂಪಡಣೆ ವಿಚಾರ ಮಾಡ್ತೀನಿ. ಬೇವಿನ ಕಷಾಯ ಆದರೂ ಸುಮ್ಮಸುಮ್ಮನೆ ಹೊಡೆಯಲ್ಲ. ಹೆಸರು ಗೊತ್ತಾಗದಿದ್ರೆ ಮರ್ಲಿನ್ ಆ್ಯಪ್‌ಗೆ ಫೋಟೋ ಕೊಡ್ರಿ, ಹೇಳ್ತದ. ಜೋಳದ ತೆನೆಗೆ ಬರೋ ಗಿಳಿಯನ್ನೂ ಕಾಜಾಣವನ್ನೂ ಒಂದೇ ಕವಣೆಯಿಂದ ಓಡಿಸೋದು ನಿಲ್ತದ.

ಜಿಂಕಿ ಮಾತು ಬೇರೆ. ಬೆಳೆ ತಿಂದರೆ ಫೋಟೋ ತೆಗೆಯಲೇಬೇಕು: ತಿಂದ ಸಾಲು, ಹೆಜ್ಜೆ ಗುರುತು, ಹಿಕ್ಕೆ, ತಾರೀಖು ಕಾಣುವಂತೆ. ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡುವಾಗ ಇವು ಕೆಲಸಕ್ಕೆ ಬರ್ತವ. ಇಲ್ಲಿ ಲೊಕೇಶನ್ ಆನ್ ಇರಲಿ. ಆದರೆ ರೀಲ್ಸ್‌ಗಾಗಿ ಕೃಷ್ಣಮೃಗದ ಹಿಂಡಿನ ಹಿಂದೆ ಬೈಕ್ ಓಡಿಸೋದು ನೋಡಿದ್ರೆ ಸಿಟ್ಟು ಬರ್ತದ. ಒಂದು ಓಟಕ್ಕೆ ಹಿಂಡು ಮತ್ತೊಬ್ಬರ ಕಡಲೆ ತುಳಿದು ಹೋಗ್ತದ, ಆ ನಷ್ಟ ಕಟ್ಟೋರ್ಯಾರು?

ಪೂರ್ಣಚಂದ್ರ ತೇಜಸ್ವಿ ಮೂಡಿಗೆರೆಯಲ್ಲಿ ಕಾಫಿ ತೋಟ ಮಾಡ್ಕೊಂಡೇ ಹಕ್ಕಿ ಫೋಟೋ ತೆಗೆದವರು. ಅದೂ ರೀಲ್ ಕ್ಯಾಮೆರಾ ಕಾಲದಾಗ. ನಮ್ಮ ಕೈಯಾಗ ಅದಕ್ಕಿಂತ ಸುಲಭದ ಯಂತ್ರ ಅದ.

ಈ ವರ್ಷ ಅದೇ ಹೊಲದ ಮೂಲೆಯಾಗ ಟಿಟ್ಟಿಭ ಮತ್ತೆ ಮೊಟ್ಟೆ ಇಟ್ಟಿತ್ತು. ಅಷ್ಟು ಜಾಗಕ್ಕೆ ಬಿತ್ತನೆ ತಡ ಮಾಡಿದೆ. ನನ್ನ ಫೋನಿನಾಗ ಅದರದ್ದು ಒಂದೇ ಫೋಟೋ ಅದ, ಬದುವಿನಿಂದ ತೆಗೆದದ್ದು. ಹಿಗ್ಗಿಸಿ ನೋಡಿದರೂ ಹಕ್ಕಿ ಯಾವುದು, ಹೆಂಟೆ ಯಾವುದು ಗೊತ್ತಾಗಲ್ಲ.