‘ಮೆಣಸಿನಕಾಯಿ’ ಮನೆತನದ ಚರಿತ್ರೆ

ಧಾರವಾಡ, ಗದಗ, ಹಾವೇರಿ ಕಡೆಯ ಅಡ್ಡಹೆಸರುಗಳಲ್ಲಿ ತನ್ನ ವಯಸ್ಸನ್ನು ತಾನೇ ಹೇಳಿಕೊಳ್ಳುವಂಥವು ಕಡಿಮೆ. ಪಾಟೀಲ, ದೇಸಾಯಿ, ಹಿರೇಮಠ ಎಂಬವು ಒಂದು ಮನೆಗೆ ಯಾವ ಕಾಲದಲ್ಲಿ ಬಂದವೆಂದು ಹೆಸರು ಕೇಳಿದ ಮಾತ್ರಕ್ಕೆ ತಿಳಿಯದು. ‘ಮೆಣಸಿನಕಾಯಿ’ ಎಂಬ ಅಡ್ಡಹೆಸರು ಹಾಗಲ್ಲ. ಮೆಣಸಿನಕಾಯಿಯ ತವರು ಅಮೆರಿಕ ಖಂಡ. 1492ರಲ್ಲಿ ಕೊಲಂಬಸ್ ಅತ್ತ ಹೋಗಿ ಬಂದ ಮೇಲಷ್ಟೇ ಅದು ಯುರೋಪು ಕಂಡಿತು. 1510ರಲ್ಲಿ ಗೋವಾ ಹಿಡಿದ ಪೋರ್ಚುಗೀಸರ ಹಡಗುಗಳ ಮೂಲಕ ಪಶ್ಚಿಮ ಕರಾವಳಿಗೆ ಇಳಿದು, ಘಟ್ಟ ಹತ್ತಿ ಬಯಲುಸೀಮೆ ಸೇರಿತು. ಕೃಷ್ಣದೇವರಾಯ ಪಟ್ಟಕ್ಕೆ ಬಂದದ್ದು 1509ರಲ್ಲಿ. ಆಗ ಕನ್ನಡಿಗರ ಅಡುಗೆಮನೆಯಲ್ಲಿ ಖಾರವೆಂದರೆ ಕಾಳುಮೆಣಸು, ಹಿಪ್ಪಲಿ, ಶುಂಠಿ. ಹಾಗಾಗಿ ಅವನ ಕಾಲಕ್ಕಿಂತ ಹಿಂದೆ ಯಾವ ಮನೆಯನ್ನೂ ‘ಮೆಣಸಿನಕಾಯಿಯವರ ಮನಿ’ ಎಂದು ಕರೆದಿರಲು ಸಾಧ್ಯವಿಲ್ಲ.

ಕರಾವಳಿಗೆ ಪೋರ್ಚುಗೀಸರು ಬಂದದ್ದು ಕಾಳುಮೆಣಸಿನ ಆಸೆಗೆ. ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯನ್ನು ಅವರು ಕರೆದದ್ದೇ ಮೆಣಸಿನ ರಾಣಿ ಎಂದು. ಮೆಣಸು ಕೊಳ್ಳಲು ಬಂದವರ ಕೈಯಿಂದಲೇ ಹೊಸ ಖಾರ ಬಂತು. ಕನ್ನಡಿಗರು ಆ ಪರದೇಶದ ಕಾಯಿಗೆ ಪರದೇಶದ ಹೆಸರನ್ನು ಉಳಿಸಲಿಲ್ಲ. ತಮಗೆ ಗೊತ್ತಿದ್ದ ಮೆಣಸಿನ ಹೆಸರನ್ನೇ ಅದಕ್ಕೆ ಕೊಟ್ಟು ಮನೆಯೊಳಗೆ ಕರೆದುಕೊಂಡರು. ಮುಂದೆ ಅದು ಬೆಳೆಯಾಯಿತು, ಸಂತೆಯ ಸರಕಾಯಿತು, ಪೇಟೆಯಾಯಿತು. ಹಾವೇರಿ ಜಿಲ್ಲೆಯ ಬ್ಯಾಡಗಿ ಇವತ್ತು ದೇಶಕ್ಕೆಲ್ಲ ಗೊತ್ತಿರುವುದು ಈ ಕಾಯಿಯಿಂದ. ಸುಕ್ಕುಗಟ್ಟಿದ ಸಿಪ್ಪೆ, ಕಡಿಮೆ ಖಾರ, ಕಡುಗೆಂಪು ಬಣ್ಣದ ಬ್ಯಾಡಗಿ ಮೆಣಸಿನಕಾಯಿಗೆ 2011ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ಸಿಕ್ಕಿತು. ಆ ಬಣ್ಣ ಮಸಾಲೆಗೆ ಮಾತ್ರವಲ್ಲ, ಸೌಂದರ್ಯವರ್ಧಕಗಳಿಗೂ ಹೋಗುತ್ತದೆ. ಇಂಥ ಸೀಮೆಯಲ್ಲಿ ಅದನ್ನು ಬೆಳೆದೋ, ಚೀಲಗಟ್ಟಲೆ ಕೊಂಡು ಮಾರಿಯೋ ಹೆಸರಾದ ಮನೆತನಕ್ಕೆ ಮೆಣಸಿನಕಾಯಿಯೇ ಅಡ್ಡಹೆಸರಾಗಿ ನಿಂತದ್ದರಲ್ಲಿ ಆಶ್ಚರ್ಯವಿಲ್ಲ.

ಅದಕ್ಕೆ ನೆರೆಹೊರೆಯೂ ಇದೆ. ಬೆಲ್ಲದ, ಉಪ್ಪಿನ, ತುಪ್ಪದ, ಅಕ್ಕಿ, ಜೋಳದ, ಉಳ್ಳಾಗಡ್ಡಿ. ಇವನ್ನು ಒಟ್ಟಿಗೆ ಓದಿದರೆ ಒಂದು ವಾರದ ಸಂತೆ ಕಣ್ಣ ಮುಂದೆ ನಿಲ್ಲುತ್ತದೆ. ಗದಗಿನಲ್ಲಿ ಕನ್ನಡ ವೃತ್ತಿರಂಗಭೂಮಿಗೆ ಬುನಾದಿ ಹಾಕಿದ ಶಾಂತಕವಿಗಳ ನಿಜನಾಮ ಸಕ್ಕರಿ ಬಾಳಾಚಾರ್ಯ. 2010ನೇ ಸಾಲಿನ ಜ್ಞಾನಪೀಠ ಪಡೆದ ಚಂದ್ರಶೇಖರ ಕಂಬಾರರ ಹೆಸರಿನಲ್ಲಿ ಕಮ್ಮಾರಿಕೆ ಇದೆ. ಕಾದಂಬರಿಕಾರ ಬಸವರಾಜ ಕಟ್ಟೀಮನಿಯವರ ಅಡ್ಡಹೆಸರು ಕಟ್ಟೆಯ ಬಳಿಯ ಮನೆಯನ್ನು ನೆನಪಿಸುತ್ತದೆ. ಅಗಸಿಮನಿ ಎಂದರೆ ಊರಬಾಗಿಲ ಹತ್ತಿರದ ಮನೆ. ಹುಣಸಿಮರದ ಎಂದರೆ ಯಾವತ್ತೋ ಕಡಿದುಹೋಗಿರಬಹುದಾದ ಒಂದು ಮರದ ಪಕ್ಕದ ಮನೆ.

ಈ ಪದ್ಧತಿ ಒಂದು ಮತಕ್ಕೆ ಸೇರಿದ್ದೂ ಅಲ್ಲ. ಇದೇ ಊರುಗಳ ಮುಸ್ಲಿಂ ಮನೆತನಗಳಲ್ಲಿ ಹಣ್ಣು ಮಾರುವ ಬಾಗವಾನ, ಅತ್ತರು ಮಾರುವ ಅತ್ತಾರ, ಎಲೆ ಮಾರುವ ತಾಂಬೋಳಿ, ಬಳೆ ಮಾರುವ ಮನಿಯಾರ, ಹತ್ತಿ ಹಿಂಜುವ ನದಾಫ ಇದ್ದಾರೆ. ಬೆಲ್ಲದವರ ಅಂಗಡಿಯ ಎದುರಿಗೇ ಅತ್ತಾರರ ಅಂಗಡಿ ಇದ್ದ ಪೇಟೆಯ ನಕ್ಷೆಯನ್ನು ಈ ಹೆಸರುಗಳಿಂದಲೇ ಮತ್ತೆ ಬರೆಯಬಹುದು.

ಹಳೆಯ ಮೈಸೂರು ಸೀಮೆಯಲ್ಲಿ ಊರು ಮತ್ತು ತಂದೆಯ ಹೆಸರು ಇನಿಷಿಯಲ್‌ಗಳಾಗಿ ಮುಂದೆ ಕುಳಿತವು. ಮುಂಬೈ ಪ್ರಾಂತ್ಯಕ್ಕೆ ಸೇರಿದ್ದ ಕನ್ನಡ ಜಿಲ್ಲೆಗಳಲ್ಲಿ ತನ್ನ ಹೆಸರು, ತಂದೆಯ ಹೆಸರು, ಕೊನೆಗೆ ಅಡ್ಡಹೆಸರು ಎಂಬ ಕ್ರಮ ಶಾಲೆಯ ದಾಖಲೆಯಿಂದ ಹೊಲದ ಉತಾರದವರೆಗೆ ಗಟ್ಟಿಯಾಯಿತು. ಅದೇ ಪ್ರಾಂತ್ಯದ ಪಾರ್ಸಿಗಳು ಎಂಜಿನಿಯರ್, ಕಂಟ್ರ್ಯಾಕ್ಟರ್ ಎಂಬ ಉದ್ಯೋಗಗಳನ್ನೇ ಅಡ್ಡಹೆಸರು ಮಾಡಿಕೊಂಡರು. ಫಾರೂಖ್ ಎಂಜಿನಿಯರ್, ನರಿ ಕಂಟ್ರ್ಯಾಕ್ಟರ್ ಭಾರತಕ್ಕೆ ಕ್ರಿಕೆಟ್ ಆಡಿದಾಗ ಆ ಹೆಸರುಗಳಿಗೆ ಯಾರೂ ನಗಲಿಲ್ಲ. ಇಂಗ್ಲಿಷಿನ ಸ್ಮಿತ್ ಎಂಬುದೂ ಕಂಬಾರನೇ. ಅದನ್ನು ಗೌರವದಿಂದ ಉಚ್ಚರಿಸುವ ಬಾಯಿ ಮೆಣಸಿನಕಾಯಿ ಎಂದೊಡನೆ ಕಿಸಕ್ಕೆನ್ನುವುದು ಅನ್ಯಾಯ.

ಆ ನಗುವಿನ ಪೆಟ್ಟು ಮಕ್ಕಳಿಗೇ ಹೆಚ್ಚು ತಾಗುತ್ತದೆ. ಉಳ್ಳಾಗಡ್ಡಿ ಎಂದರೆ ಈರುಳ್ಳಿ ಎಂದು ಬೆಂಗಳೂರಿನ ಎಲ್ಲರಿಗೂ ತಟ್ಟನೆ ಹೊಳೆಯುವುದಿಲ್ಲ. ಮೆಣಸಿನಕಾಯಿಗೆ ಅಂಥ ಮರೆಯೂ ಇಲ್ಲ. ಹಾಜರಿ ಕರೆಯುವ ಹೊತ್ತಿಗೆ ಇಡೀ ತರಗತಿ ತಿರುಗಿ ನೋಡುತ್ತದೆ. ಆಮೇಲೆ ಮಗುವಿನ ದಾಖಲಾತಿಯಲ್ಲಿ ಅಡ್ಡಹೆಸರು ‘ಎಂ’ ಎಂಬ ಒಂದಕ್ಷರಕ್ಕೆ ಕುಗ್ಗುತ್ತದೆ, ಇಲ್ಲವೇ ತಂದೆಯ ಹೆಸರೇ ಅಡ್ಡಹೆಸರಿನ ಜಾಗಕ್ಕೆ ಬರುತ್ತದೆ. ಒಂದು ತಲೆಮಾರಿನಲ್ಲಿ ಇಷ್ಟಾದರೆ ಮುಂದಿನ ತಲೆಮಾರಿಗೆ ಕೇಳಲೂ ಏನೂ ಉಳಿಯುವುದಿಲ್ಲ. ಉಳಿಸಿಕೊಂಡವರಿಗೂ ಇಂಗ್ಲಿಷ್ ಕಾಗುಣಿತದ ಕಾಟ ತಪ್ಪಿದ್ದಲ್ಲ. ಬೆಲ್ಲದ, ತೋಟದ, ಜೋಳದ ಎಂಬವುಗಳ ಕೊನೆಯ ‘ದ’ ರೋಮನ್ ಅಕ್ಷರಕ್ಕೆ ಹೋಗಿ ‘ಡ್’ ಆಗಿ ಮರಳುತ್ತದೆ. ಬೆಲ್ಲಾಡ್ ಎಂದು ಕರೆಸಿಕೊಳ್ಳುವ ಹುಡುಗನಿಗೆ ತನ್ನ ಹೆಸರಲ್ಲಿ ಬೆಲ್ಲ ಇದೆ ಎಂಬುದೇ ಕೇಳಿಸದು.

ಎಲ್ಲ ಅಡ್ಡಹೆಸರನ್ನೂ ಎಲ್ಲರೂ ಕಾಪಾಡಲೇಬೇಕು ಎಂದು ಹೇಳುವ ಹಕ್ಕು ಯಾರಿಗೂ ಇಲ್ಲ. ಕಸುಬಿನ ಹೆಸರು ಎಷ್ಟೋ ಕಡೆ ಜಾತಿಯ ಗುರುತೂ ಆಗಿದೆ. ಬಾಡಿಗೆ ಮನೆ ಕೇಳುವಾಗ, ಸಂದರ್ಶನಕ್ಕೆ ಕೂರುವಾಗ ಅದು ಬಾಗಿಲು ಮುಚ್ಚಿಸಿದ್ದಿದೆ. ಅಂಥ ಹೆಸರನ್ನು ಪ್ರಮಾಣಪತ್ರ ಮಾಡಿಸಿ, ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟು, ಗೆಜೆಟ್‌ನಲ್ಲಿ ಬದಲಿಸಿಕೊಂಡವರ ನಿರ್ಧಾರ ಅವರದು, ಅದಕ್ಕೆ ಗೌರವ ಸಲ್ಲಬೇಕು. ಮದುವೆಯೊಂದಿಗೆ ಹೆಣ್ಣುಮಕ್ಕಳ ಅಡ್ಡಹೆಸರು ಬದಲಾಗುವ ರೂಢಿಯೂ ಪ್ರಶ್ನಿಸಬೇಕಾದದ್ದೇ. ಆದರೆ ನೋವಿನಿಂದ ಬಿಡುವುದೇ ಬೇರೆ, ಯಾರೋ ನಕ್ಕರೆಂದು ಬಿಡುವುದೇ ಬೇರೆ. ಮೆಣಸಿನಕಾಯಿ, ಉಳ್ಳಾಗಡ್ಡಿ, ಅಕ್ಕಿ ಎಂಬ ಹೆಸರುಗಳು ಕಳೆದುಹೋಗುತ್ತಿರುವುದು ಹೆಚ್ಚಾಗಿ ಎರಡನೆಯ ಕಾರಣಕ್ಕೆ, ಮತ್ತು ಅದನ್ನು ತಡೆಯಬೇಕಾದವರು ನಗುವವರು. ಶಿಕ್ಷಕರು ತರಗತಿಯಲ್ಲಿ ಆ ಹೆಸರಿನ ಕತೆಯನ್ನು ಒಮ್ಮೆ ಹೇಳಿದರೆ ಸಮುದ್ರಯಾನ, ವ್ಯಾಪಾರ, ಕೃಷಿ ಮೂರೂ ಒಂದೇ ಪಾಠದಲ್ಲಿ ಬರುತ್ತವೆ. ಆ ಅಡ್ಡಹೆಸರಿನ ಮಗು ಕೂಡ ಅಂದು ತಲೆ ಎತ್ತಿ ಕೂರುತ್ತದೆ.

ಅರ್ಜಿ ನಮೂನೆಗಳೂ ಹೆಸರನ್ನು ತಿದ್ದುತ್ತವೆ. 2022ರ ನವೆಂಬರ್‌ನಲ್ಲಿ ಸಂಯುಕ್ತ ಅರಬ್ ಎಮಿರೇಟ್ಸ್, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿರುವ ಪ್ರವಾಸಿಗಳನ್ನು ಬಿಟ್ಟುಕೊಳ್ಳುವುದಿಲ್ಲವೆಂದಿತು. ಅಡ್ಡಹೆಸರೇ ಇಲ್ಲದ ದಕ್ಷಿಣದ ಕನ್ನಡಿಗರು ಇಂಥ ನಿಯಮಗಳಿಗಾಗಿ ತಂದೆಯ ಹೆಸರನ್ನೋ ಊರಿನ ಹೆಸರನ್ನೋ ಹೊಸದಾಗಿ ಅಡ್ಡಹೆಸರು ಮಾಡಿಕೊಳ್ಳುತ್ತಿದ್ದಾರೆ. ಒಂದು ಕಡೆ ಇಲ್ಲದ್ದನ್ನು ಕಟ್ಟಿಕೊಳ್ಳುವ ಅನಿವಾರ್ಯ, ಇನ್ನೊಂದು ಕಡೆ ಇರುವುದನ್ನು ಮರೆಮಾಚುವ ಸಂಕೋಚ. ಎರಡೂ ಒಂದೇ ರಾಜ್ಯದಲ್ಲಿ ನಡೆದಿವೆ.

ಹೆಸರುಗಳ ಅಧ್ಯಯನಕ್ಕೆ ಕನ್ನಡದಲ್ಲಿ ದಾರಿ ಮಾಡಿದವರಿದ್ದಾರೆ. ಎಂ. ಎಂ. ಕಲಬುರ್ಗಿಯವರು ನಾಮವಿಜ್ಞಾನವನ್ನು ಗಂಭೀರ ಶಾಸ್ತ್ರವಾಗಿ ಕಂಡರು. ಆ ಕೆಲಸವನ್ನು ಜಿಲ್ಲೆಯಿಂದ ಜಿಲ್ಲೆಗೆ, ಮನೆಯಿಂದ ಮನೆಗೆ ಒಯ್ಯುವುದು ಬಾಕಿ ಇದೆ. ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯ, ಹಂಪಿಯ ಕನ್ನಡ ವಿಶ್ವವಿದ್ಯಾಲಯಗಳ ವಿದ್ಯಾರ್ಥಿಗಳು ತಮ್ಮ ತಾಲ್ಲೂಕಿನ ಅಡ್ಡಹೆಸರುಗಳನ್ನೂ ಆಯಾ ಮನೆಯ ಹಿರಿಯರು ಹೇಳುವ ಕಾರಣಗಳನ್ನೂ ಬರೆದಿಡಬೇಕು. ಹಿರಿಯರ ಮಾತು ಎಲ್ಲ ಸಲವೂ ಸರಿಯಿರಲಿಕ್ಕಿಲ್ಲ. ಅದನ್ನು ಒರೆಗೆ ಹಚ್ಚಲು ಶಾಲೆಗಳ ಹಳೆಯ ದಾಖಲಾತಿ ಪುಸ್ತಕಗಳಿವೆ, ದೇವಸ್ಥಾನ ಮಠಗಳ ಲೆಕ್ಕಪತ್ರಗಳಿವೆ, ತಾಲ್ಲೂಕು ಕಚೇರಿಗಳ ಕಡತಗಳಿವೆ. ಕಂದಾಯ ಇಲಾಖೆ ‘ಭೂ ಸುರಕ್ಷಾ’ ಯೋಜನೆಯಲ್ಲಿ ಹಳೆಯ ಭೂದಾಖಲೆಗಳನ್ನು ಸ್ಕ್ಯಾನ್ ಮಾಡಿಸುತ್ತಿದೆ. ಹಳೆಯ ಕಾಗದಗಳಲ್ಲಿನ ಮನೆತನದ ಹೆಸರುಗಳನ್ನು ಕನ್ನಡದಲ್ಲಿಯೇ ಹುಡುಕಲು ಬರುವಂತೆ ಪಟ್ಟಿ ಮಾಡಿ ಸಂಶೋಧಕರಿಗೆ ತೆರೆದಿಟ್ಟರೆ, ಬ್ಯಾಡಗಿ ಸುತ್ತಲಿನ ಹಳ್ಳಿಗಳಲ್ಲಿ ‘ಮೆಣಸಿನಕಾಯಿ’ ಮೊದಲು ಯಾವ ವರ್ಷ, ಯಾವ ಹೊಲದ ಒಡೆಯನ ಹೆಸರಿನ ಮುಂದೆ ಬಂತೆಂದು ಹುಡುಕಲು ಆಗ ದಾರಿಯಾಗುತ್ತದೆ.