ಓಡದ ರಥದ ಪೀಠ

ಕುಳಿತಲ್ಲಿಂದ ಅಲುಗದೆ ಮೋಟಾರು ಪಂದ್ಯವನ್ನು ಗೆಲ್ಲುವ ಕಾಲವಿದು. ಅಂಥ ವಿಜಯಕ್ಕೆ ತಕ್ಕ ಸಿಂಹಾಸನವೂ ಬೇಡವೇ? ‘ಗೇಮಿಂಗ್ ಚೇರ್’ ಎಂಬ ಹೆಸರಿನ ಕೆಂಪು-ಕಪ್ಪು ಪೀಠಗಳು ಮಧ್ಯಮವರ್ಗದ ಮನೆಗಳಿಗೂ ಕಾಲಿಟ್ಟಿವೆ. ಮಗನು ಹಟ ಹಿಡಿಯುತ್ತಾನೆ. ತಂದೆ ಬೆಲೆಪಟ್ಟಿಯನ್ನು ಕೆಳಗಿನಿಂದ ಓದತೊಡಗುತ್ತಾನೆ. ಎಲ್ಲಕ್ಕೂ ಅಗ್ಗವಾದುದು ಮನೆ ಸೇರುತ್ತದೆ. ಹಗಲು ತಂದೆಯ ಕಚೇರಿ ಕೆಲಸ, ಇರುಳು ಮಗನ ಆಟ. ಆ ಬಡಪಾಯಿಗೆ ಬಿಡುವೇ ಇಲ್ಲ.

ಇದರ ರೂಪವು ಪಂದ್ಯದ ಕಾರಿನಿಂದ ಬಂದುದು. ಕಾರಿನ ಆಸನಗಳನ್ನು ತಯಾರಿಸುತ್ತಿದ್ದ ಡಿಎಕ್ಸ್‌ರೇಸರ್ ಸಂಸ್ಥೆಯು 2006ರಲ್ಲಿ ಇಂಥ ಕುರ್ಚಿಯನ್ನು ಮಾರುಕಟ್ಟೆಗೆ ತಂದಿತು. ಕಾರಿನಲ್ಲಿ, ಆಸನದ ಇಕ್ಕೆಲಗಳ ಉಬ್ಬಿದ ರೆಕ್ಕೆಗಳು ತಿರುವಿನಲ್ಲಿ ಚಾಲಕನು ಜಾರದಂತೆ ತಡೆಯುತ್ತವೆ; ಬೆನ್ನಿನ ಮೇಲ್ಭಾಗದ ಎರಡು ಕಂಡಿಗಳು ಭದ್ರತೆಯ ಪಟ್ಟಿಗಳನ್ನು ತೂರಿಸಲಿಕ್ಕೆ. ನಡುಮನೆಯಲ್ಲಿ ತಿರುವುಗಳೆಲ್ಲಿ ಬಂದವು? ಅಲ್ಲಿ ಆ ರೆಕ್ಕೆಗಳು ತೊಡೆಗಳನ್ನು ಒತ್ತುತ್ತವೆ. ಚಕ್ಕಳಮಕ್ಕಳ ಹಾಕಿ ಕೂರುವವರ ಮಂಡಿಗಳಿಗಂತೂ ಶುದ್ಧ ಅಡ್ಡಿ.

ಆದರೆ ಸುಖದ ಗುಟ್ಟು ಅಡಗಿರುವುದು ಮೆತ್ತೆಯಲ್ಲಿ. ಕೊಳ್ಳುವವನು ಅಂಗಡಿಯಲ್ಲಿ ಹೆಬ್ಬೆರಳಿನಿಂದ ಒತ್ತಿ ನೋಡಿ, ಗಟ್ಟಿಯಾಗಿದೆಯೆಂದು ತಲೆಯಾಡಿಸುತ್ತಾನೆ. ಮೋಸಹೋಗುವುದು ಇಲ್ಲಿಯೇ. ಗಟ್ಟಿತನ ಬೇರೆ, ಸಾಂದ್ರತೆ ಬೇರೆ. ಒಂದು ಘನ ಮೀಟರ್ ಫೋಮು ಎಷ್ಟು ಕಿಲೋಗ್ರಾಂ ತೂಗುತ್ತದೆಂಬುದು ಸಾಂದ್ರತೆ. ಅದು ಬೆರಳಿಗೆ ತಿಳಿಯುವುದಲ್ಲ. ಸಾಂದ್ರತೆ ತಗ್ಗಿದಷ್ಟೂ ಒಳಗೆ ಗಾಳಿಯೇ ಹೆಚ್ಚು. ದಿನವೂ ಭಾರ ಬಿದ್ದಾಗ ಅದರ ತೆಳುವಾದ ಗೂಡುಗಳು ಕುಸಿದು ಮತ್ತೆ ಏಳುವುದಿಲ್ಲ. ಮೊದಲ ವಾರ ಅರಮನೆಯ ಸುಖವಿತ್ತ ಆಸನದಲ್ಲಿ ಕೆಲವೇ ತಿಂಗಳಲ್ಲಿ ಹಳ್ಳ ಬಿದ್ದು, ಪೃಷ್ಠದ ಮೂಳೆಯು ಕೆಳಗಿನ ಹಲಗೆಯ ಯೋಗಕ್ಷೇಮವನ್ನು ವಿಚಾರಿಸತೊಡಗುತ್ತದೆ. ಸೊಂಟಕ್ಕೆಂದು ಕೊಟ್ಟ ದಿಂಬಾದರೋ ಬೇಕಾದ ಕಡೆ ನಿಲ್ಲುವ ಜಾತಿಯದಲ್ಲ.

ಮೇಲಿನ ‘ಚರ್ಮ’ವೂ ಚರ್ಮವಲ್ಲ, ಬಟ್ಟೆಯ ಮೇಲೆ ಹಚ್ಚಿದ ಪಾಲಿಯುರೆಥೇನಿನ ತೆಳುಪದರ. ಸೆಕೆ, ತೇವ, ಬೆವರುಗಳು ಕೂಡಿ ಅದನ್ನು ರಾಸಾಯನಿಕವಾಗಿ ಒಡೆಯುತ್ತವೆ. ಬಳಿಕ ಹಾವಿನ ಪೊರೆಯಂತೆ ಸುಲಿಯುತ್ತದೆ. ಮಂಗಳೂರಿನಂಥ ಊರಿನಲ್ಲಿ ಬಟ್ಟೆಯ ಹೊದಿಕೆಯೇ ಲೇಸು.

ಆಸನವನ್ನು ಏರಿಸಿ ಇಳಿಸುವುದು ಉಕ್ಕಿನ ಕೊಳವೆಯೊಳಗೆ ಒತ್ತಿಟ್ಟ ಸಾರಜನಕ. ಅದರ ಸೀಲು ಸವೆದಾಗ ಕುಳಿತವನು ತನಗರಿವಿಲ್ಲದೆ ಪಾತಾಳದತ್ತ ಇಳಿಯುತ್ತಾನೆ. ಕೊಳವೆಯನ್ನೂ ಚಕ್ರಗಳನ್ನೂ ಸಾಮಾನ್ಯವಾಗಿ ಬದಲಿಸಬಹುದು. ಕುಸಿದ ಮೆತ್ತೆಯನ್ನೂ ಸೋಫಾ ದುರಸ್ತಿಯವನು ಬದಲಿಸಿಕೊಟ್ಟಾನು. ಆದರೆ ಆ ಖರ್ಚನ್ನು ಕುರ್ಚಿಯ ಬೆಲೆಗೆ ಕೂಡಿಸಿದರೆ ಅಗ್ಗವೆಂಬ ಮಾತು ಅಲ್ಲಿಗೆ ಮುಗಿಯಿತು.

ಅದೇ ಹಣಕ್ಕೆ, ಕಚೇರಿಯೊಂದು ಮಾರಿದ ಒಳ್ಳೆಯ ಹಳೆಯ ಕುರ್ಚಿ ದೊರೆಯುವುದುಂಟು. ಕಚೇರಿ ಕುರ್ಚಿಗಳಿಗೆ ಅಮೆರಿಕದ ‘ಬಿಫ್ಮಾ’ ಸಂಘವು ವಿಧಿಸಿದ ಪರೀಕ್ಷೆಗಳಲ್ಲಿ, ಆಸನದ ಮೇಲೆ 57 ಕಿಲೋಗ್ರಾಂ ಭಾರವನ್ನು 1,00,000 ಬಾರಿ ಬೀಳಿಸುವುದೂ ಒಂದು. ಅದನ್ನು ಗೆದ್ದ ಕುರ್ಚಿ ಹಟಮಾರಿ ಮಗನಿಗೂ ಹೆದರಲಾರದು. ಬೆಂಕಿಯ ಚಿತ್ರವಾಗಲಿ ಕೆಂಪು ಪಟ್ಟಿಯಾಗಲಿ ಇಲ್ಲದ ಆ ಬೂದುಬಣ್ಣದ ಮುದುಕನನ್ನು ಮಗನು ಒಪ್ಪುವಂತೆ ಮಾಡುವುದು ಮಾತ್ರ ತಂದೆಯ ಜಾಣ್ಮೆಗೆ ಬಿಟ್ಟದ್ದು.